ಇಪ್ಪತ್ತಮೂರು ತಿರುವುಗಳ ವ್ಯಾನ್ ಮಾಮ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಶಾಲೆಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಒಂದು ಹಳದಿ ವ್ಯಾನು. ಅದರ ಬಾಗಿಲ ಬಳಿ ಮಂಡಿಯೂರಿ ಕುಳಿತ ಒಬ್ಬ ಮನುಷ್ಯ. ಕೈಯಲ್ಲಿ ಮೇಣದಬತ್ತಿ. ಅದನ್ನು ಹಚ್ಚಿಲ್ಲ, ಹಚ್ಚಲು ತಂದದ್ದೂ ಅಲ್ಲ. ಜಾರುಬಾಗಿಲು ಓಡುವ ಕಬ್ಬಿಣದ ಹಳಿಯ ಮೇಲೆ ಅದನ್ನು ಅಡ್ಡಡ್ಡ ಹಿಡಿದು, ಮಗುವಿನ ಬೆನ್ನಿಗೆ ಎಣ್ಣೆ ಸವರುವಷ್ಟು ನಿಧಾನವಾಗಿ, ಆ ತುದಿಯಿಂದ ಈ ತುದಿಗೆ ಉಜ್ಜುತ್ತಿದ್ದಾರೆ. ಆಮೇಲೆ ಎದ್ದು, ಸೊಂಟಕ್ಕೆ ಕೈಕೊಟ್ಟು ಒಮ್ಮೆ ನರಳಿ, ಬಾಗಿಲನ್ನು ಎಳೆದು ಮುಚ್ಚುತ್ತಾರೆ.

"ಕೇಳಿಸ್ತಾ?"

ಇಲ್ಲ.

"ಹಾಂ, ಅದೇ ಬೇಕಾಗಿರೋದು. ಮೊದಲು ಈ ಬಾಗಿಲು ಧಡಾರ್ ಅಂತ ಹಾಕಿದ್ರೆ ಮೂರನೇ ಬೀದಿ ನಾಯಿ ಎದ್ದು ಕೂರ್ತಿತ್ತು. ಗ್ರೀಸ್ ಹಚ್ಚಬಹುದು, ಆದ್ರೆ ಅದರ ವಾಸನೆ ನಮ್ಮ ವ್ಯಾನಿನ ಒಬ್ಬ ಹುಡುಗಿಗೆ ಆಗಲ್ಲ. ಮೇಣ ಪಾಪ, ವಾಸನೇನೂ ಇಲ್ಲ, ಸೊಲ್ಲೂ ಎತ್ತಲ್ಲ."

ಮಕ್ಕಳಿಗೆ ಅವರು ವ್ಯಾನ್ ಮಾಮ. ವಯಸ್ಸು ಐವತ್ತಾರು. ಮೀಸೆ ಪೂರ್ತಿ ಬೆಳ್ಳಗಾಗಿದೆ, ಹುಬ್ಬು ಮಾತ್ರ ಹಟ ಹಿಡಿದು ಕಪ್ಪಾಗಿಯೇ ಉಳಿದಿದೆ. ತಿಂಗಳಿಗೊಂದು ಮೇಣದಬತ್ತಿ ಈ ಬಾಗಿಲಿಗೆ ಸವೆಯುತ್ತದೆ. ಕಿಟಕಿಗಳನ್ನು ಒರೆಸಲು ಹಳೆಯ ಬನಿಯನ್ನು. ಮೂರನೇ ಸಾಲಿನ ಎಡಗಡೆಯ ಕಿಟಕಿಗೆ ಮಾತ್ರ ಎರಡು ಸಲ ಒರೆಸುವ ಭಾಗ್ಯ. ಅದು 'ಕಂಡಕ್ಟರ್' ಕೂರುವ ಕಿಟಕಿ.

ದಿನದ ಲೆಕ್ಕ ಅವರ ನಾಲಿಗೆಯ ತುದಿಯಲ್ಲಿದೆ. ಹದಿನಾಲ್ಕು ಮಕ್ಕಳು, ಒಂಬತ್ತು ಸ್ಟಾಪು, ಹೋಗಲು ಹನ್ನೊಂದು ಕಿಲೋಮೀಟರು, ಬರಲು ಹನ್ನೊಂದು. ಶಾಲೆಯ ಗೇಟು ಮುಟ್ಟುವುದು ಏಳು ಐವತ್ತಕ್ಕೆ, ಗೇಟು ತೆರೆಯುವುದು ಎಂಟಕ್ಕೆ. ನಡುವಿನ ಹತ್ತು ನಿಮಿಷ ಮಕ್ಕಳೆಲ್ಲ ವ್ಯಾನಿನೊಳಗೇ ಇರಬೇಕು. ಈ ಹತ್ತು ನಿಮಿಷವನ್ನು ಶಾಲೆಯ ಯಾವ ವೇಳಾಪಟ್ಟಿಯಲ್ಲೂ ಬರೆದಿಲ್ಲ. ಆದರೆ ಆ ಶಾಲೆಯ ಮಕ್ಕಳು ಒಂದು ದೊಡ್ಡ ಪಾಠ ಕಲಿತದ್ದು ಅಲ್ಲಿಯೇ.

*

ವ್ಯಾನು ಹೊರಡುತ್ತದೆ. ಮೊದಲ ಮೂರು ಸ್ಟಾಪಿನಲ್ಲಿ ಎರಡೆರಡು ಹಾರನ್ನು. ಹಲ್ಲುಜ್ಜಿದ ನೊರೆ ಇನ್ನೂ ತುಟಿಯಂಚಿನಲ್ಲಿರುವ ಮಕ್ಕಳು ಒಬ್ಬೊಬ್ಬರಾಗಿ ಹತ್ತುತ್ತಾರೆ.

"ಮಾಮ, ಇವನು ನನ್ನ ಬಾಟಲಿ ನೀರು ಕುಡಿದ!"

"ಕುಡಿದ ನೀರು ವಾಪಸ್ ಕೊಡ್ಸೋಕೆ ನಾನೇನು ಪಂಪೇನಮ್ಮಾ? ಕೂತ್ಕೋ."

ನಾಲ್ಕನೇ ಸ್ಟಾಪು ಒಂದು ಹಸಿರು ಗೇಟಿನ ಮನೆ. ಇಲ್ಲಿ ಹಾರನ್ ಇಲ್ಲ. ಮಾಮ ಹೆಡ್‌ಲೈಟನ್ನು ಒಂದು ಸಲ ಹೊತ್ತಿಸಿ ಆರಿಸುತ್ತಾರೆ, ಅಷ್ಟೆ. ಮಂಡಿನೋವಿನ ಅಜ್ಜಿಯೊಬ್ಬರು ಬಾಗಿಲು ತೆರೆಯುತ್ತಾರೆ. ಎರಡು ಜಡೆಯ, ಎಂಟು ವರ್ಷದ ಹುಡುಗಿಯೊಬ್ಬಳು ಯಾರ ಮುಖವನ್ನೂ ನೋಡದೆ, ನೆಲದ ಮೇಲೆ ತನಗೊಬ್ಬಳಿಗೇ ಕಾಣುವ ಗೆರೆಯೊಂದರ ಮೇಲೆ ನಡೆದಂತೆ ಬಂದು, ಹತ್ತಿ, ಮೂರನೇ ಸಾಲಿನ ಕಿಟಕಿ ಪಕ್ಕ ಕೂರುತ್ತಾಳೆ. ಬಾಗಿಲು ಸದ್ದಿಲ್ಲದೆ ಜಾರುತ್ತದೆ.

"ಸೊನ್ನೆ," ಎನ್ನುತ್ತಾಳೆ ಹುಡುಗಿ.

"ಸೊನ್ನೆ," ಎನ್ನುತ್ತಾರೆ ಮಾಮ. ಗೇರು ಬೀಳುತ್ತದೆ.

ಮೊದಲ ಮೂಲೆ ಬಂದಾಗ, "ಒಂದು. ಎಡ." ಔಷಧಿ ಅಂಗಡಿ ದಾಟಿದ ಮೇಲೆ, "ಎರಡು. ಬಲ." ಹಸಿರು ಗೇಟಿನಿಂದ ಶಾಲೆಯ ಗೇಟಿನವರೆಗೆ ಇಪ್ಪತ್ತಮೂರು ತಿರುವು. ಒಂದನ್ನೂ ಬಿಡುವುದಿಲ್ಲ. ತಿರುವು ತಪ್ಪದೆ ಬಂದಾಗಲೆಲ್ಲ ಅವಳ ಎರಡೂ ಕೈಗಳು ಮಡಿಲಿಂದ ಮೇಲೆದ್ದು, ಗಾಳಿಗೆ ಸಿಕ್ಕ ಎಲೆಗಳಂತೆ ಪಟಪಟನೆ ಅಲುಗುತ್ತವೆ.

ಈ ವರ್ಷವಷ್ಟೇ ಸೇರಿದ, ಮುಂದಿನ ಹಲ್ಲು ಉದುರಿದ ಪುಟ್ಟ ಹುಡುಗಿಯೊಬ್ಬಳು ಕಣ್ಣರಳಿಸಿ ಪಕ್ಕದ ಹುಡುಗನನ್ನು ಕೇಳುತ್ತಾಳೆ: "ಆ ಅಕ್ಕ ಯಾಕೆ ಕೈ ಹಂಗ್ ಮಾಡ್ತಾಳೆ?"

"ಖುಷಿ ಆದ್ರೆ ನೀನು ಕುಣೀತೀಯಲ್ಲ? ಅವಳ ಕೈ ಕುಣಿಯತ್ತೆ. ಅಷ್ಟೇ. ಮೆಲ್ಲಗೆ ಮಾತಾಡು."

ಹೇಳಿದವನಿಗೆ ಒಂಬತ್ತು ವರ್ಷ. ಸದಾ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಇರುವುದರಿಂದ ಎಲ್ಲರಿಗೂ ಅವನು ಬಿಸ್ಕತ್ತು. ಹೋದ ವರ್ಷ ಇದೇ ಹುಡುಗಿಯನ್ನು ಅಣಕಿಸಿ ಇಡೀ ವ್ಯಾನನ್ನು ನಗಿಸುತ್ತಿದ್ದವನೂ ಅವನೇ. ಆಗ ಅವಳಿಗೆ ಕಂಡಕ್ಟರ್ ಎಂಬ ಹೆಸರಿರಲಿಲ್ಲ. ಹೇಳಿದ್ದನ್ನೇ ಹೇಳುತ್ತಾಳೆಂದು 'ಕೆಟ್ಟ ರೇಡಿಯೋ' ಎನ್ನುತ್ತಿದ್ದರು.

*

ವ್ಯಾನು ಹಿಡಿಯುವ ಮುಂಚೆ ಮಾಮ ಹದಿನೇಳು ವರ್ಷ ಲಾರಿ ಓಡಿಸಿದವರು. ಬೆನ್ನುಮೂಳೆ ಸವೆದು, ಕೂತರೆ ಏಳಲಾಗದಂತಾದ ಮೇಲೆ ಲಾರಿ ಬಿಟ್ಟು ಮಕ್ಕಳನ್ನು ಹತ್ತಿಸಿಕೊಂಡರು. "ಆ ಲೋಡು ಮಾತಾಡಲ್ಲ, ಈ ಲೋಡು ಬಾಯಿ ಮುಚ್ಚಲ್ಲ. ಅದೇ ವ್ಯತ್ಯಾಸ," ಎಂದು ನಗುತ್ತಾರೆ. ಹನ್ನೊಂದು ವರ್ಷ ಆಯಿತು. ಈಗಲೂ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದೇ ಸ್ಟೇರಿಂಗ್ ಮುಂದೆ ಕೂರುವುದು. ಮನೆಯಾಕೆ ಪ್ರತಿದಿನ ಬೆಳಿಗ್ಗೆ ಅದನ್ನು ಬಿಗಿಯುತ್ತಾ, "ನಿಮ್ಮನ್ನ ಕಟ್ಟಿ ಕಳಿಸೋದೇ ನನಗೊಂದು ಕೆಲಸ," ಎಂದು ಗೊಣಗದ ದಿನವಿಲ್ಲ.

ಲಾರಿಯ ದಿನಗಳಲ್ಲಿ ಅವರಿಗೊಂದು ಬಿರುದಿತ್ತು: ಅಡ್ಡದಾರಿ ರಾಜ. ಯಾವ ಊರಿಗಾದರೂ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಮುಟ್ಟಿಸುವ ಗಲ್ಲಿ, ಸಂದಿ, ಕಾಲುದಾರಿ ಅವರಿಗೆ ಅಂಗೈಗೆರೆಯಷ್ಟು ಪರಿಚಯ. ಆ ಹೆಮ್ಮೆಯೇ ಒಂದು ದಿನ ಕಾಲಿಗೆ ತೊಡರಿಕೊಂಡಿತು.

ಹುಡುಗಿ ವ್ಯಾನಿಗೆ ಸೇರಿದ ದಿನ ಅವಳ ತಾಯಿ ಹೇಳಿದ್ದರು: "ಅಣ್ಣಾ, ಇವಳಿಗೆ ಆಟಿಸಂ ಇದೆ. ದಿನಾ ಒಂದೇ ದಾರೀಲಿ ಹೋಗಿ. ಬದಲಾಯಿಸೋದಾದ್ರೆ ಮುಂಚೆ ಹೇಳಿ." ಮಾಮ ತಲೆಯಾಡಿಸಿದ್ದರು. "ನಿಜ ಹೇಳ್ಬೇಕಂದ್ರೆ ಕಿವಿ ಮೇಲೆ ಹಾಕ್ಕೊಳ್ಳಲೇ ಇಲ್ಲ. ಎಲ್ಲ ತಾಯಂದಿರೂ ಏನಾದ್ರೊಂದು ಹೇಳ್ತಾರೆ. ಒಬ್ಬರು ಕಿಟಕಿ ಮುಚ್ಚಿ ಅಂತಾರೆ, ಇನ್ನೊಬ್ಬರು ತೆಗೀರಿ ಅಂತಾರೆ. ಇದೂ ಹಂಗೇ ಅಂದ್ಕೊಂಡೆ."

ಹೋದ ವರ್ಷದ ಒಂದು ಬೆಳಿಗ್ಗೆ ಬೇಕರಿಯ ಮೂಲೆಯಲ್ಲಿ ನೀರಿನ ಟ್ಯಾಂಕರೊಂದು ಕೆಟ್ಟು ನಿಂತಿತ್ತು. ಅದು ಒಂಬತ್ತನೇ ತಿರುವು. ಐದು ನಿಮಿಷ ಕಾದಿದ್ದರೆ ದಾರಿ ಬಿಡುತ್ತಿತ್ತು. ಅಡ್ಡದಾರಿ ರಾಜ ಕಾಯುವುದುಂಟೇ? "ಒಂಬತ್ತು. ಎಡ," ಎಂದು ಹುಡುಗಿ ಹೇಳುತ್ತಿದ್ದಂತೆಯೇ ವ್ಯಾನು ನೇರ ಹೋಯಿತು.

"ಎಡ," ಎಂದಳು ಮತ್ತೆ. "ಎಡ. ಎಡ. ಎಡ." ಆಮೇಲೆ ಮಾತಿಲ್ಲ, ಬರೀ ಕಿರುಚು. ಹಣೆಯನ್ನು ಕಿಟಕಿಗೆ ಗುದ್ದಿಕೊಂಡಳು, ತನ್ನ ಕೈಯನ್ನು ತಾನೇ ಕಚ್ಚಿಕೊಂಡಳು. ಚಿಕ್ಕ ಮಕ್ಕಳು ಹೆದರಿ ಅತ್ತರು. ಬಿಸ್ಕತ್ತು ಅವಳಂತೆಯೇ ಕಿರುಚಿ ತೋರಿಸಿದ. ಮಾಮ ಗಕ್ಕನೆ ಬ್ರೇಕ್ ಹಾಕಿ, ಹಿಂತಿರುಗಿ, ಲಾರಿ ದಿನಗಳ ದನಿಯಲ್ಲಿ ಗದರಿದರು: "ಬಾಯ್ಮುಚ್ಚೇ!"

ಇದನ್ನು ಹೇಳುವಾಗ ಅವರ ಮುಖ ಸಣ್ಣಗಾಗುತ್ತದೆ. ಬನಿಯನ್ ಬಟ್ಟೆಯನ್ನು ಮಡಿಸುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಿಸುತ್ತಾರೆ.

"ನನ್ನ ಮಗಳಿಗೂ ಹಂಗೆ ಗದರಿದೋನಲ್ಲ. ಐದು ನಿಮಿಷ ಉಳಿಸಿದೆ. ಆ ಐದು ನಿಮಿಷ ಇಟ್ಕೊಂಡು ಏನ್ ಮಾಡ್ಲಿ?"

ವಾರದೊಳಗೆ ಶಾಲೆಯ ಆಫೀಸಿಗೆ ಕಾಗದ ಬಂತು. ಐವರು ಪೋಷಕರ ಸಹಿ. ಮೊದಲ ಸಹಿ ಬಿಸ್ಕತ್ತಿನ ತಾಯಿಯದು. ನಮ್ಮ ಮಕ್ಕಳು ಹೆದರುತ್ತಾರೆ, ಆ ಹುಡುಗಿಗೆ ಬೇರೆ ವ್ಯವಸ್ಥೆ ಮಾಡಿ. ಆಫೀಸಿನ ಮೇಡಂ ಹುಡುಗಿಯ ತಾಯಿಯನ್ನು ಕರೆಸಿ, ಈ ಶಾಲಾ ಅವಧಿ ಮುಗಿಯುವುದರೊಳಗೆ ಇನ್ನೊಂದು ಸಲ ಹೀಗಾದರೆ ವ್ಯಾನಿನ ಸೀಟು ಹಿಂದಕ್ಕೆ ಎಂದರು. ತಾಯಿ ಕೆಲಸ ಮಾಡುವುದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಪಾಳಿ ಶುರುವಾಗುವುದು ಬೆಳಿಗ್ಗೆ ಆರಕ್ಕೆ. ತಂದೆ ಇಲ್ಲ. ಅಜ್ಜಿಗೆ ಗೇಟಿನವರೆಗೆ ನಡೆಯುವುದೇ ಕಷ್ಟ. ವ್ಯಾನು ಇಲ್ಲವೆಂದರೆ ಶಾಲೆಯೂ ಇಲ್ಲ.

*

ಭಾನುವಾರ ಮಾಮ ಆ ಹಸಿರು ಗೇಟಿನ ಮನೆಗೆ ಹೋದರು. ಕೈಯಲ್ಲಿ ಏನಾದರೂ ಹಿಡಿದು ಹೋಗಬೇಕೆಂದು ಆರು ಬಣ್ಣದ ಪೆನ್ಸಿಲ್ಲಿನ ಡಬ್ಬಿ.

"ಬೈಯ್ತಾರೆ ಅಂದ್ಕೊಂಡು ಹೋದೆ. ಆಯಮ್ಮ ಕುರ್ಚಿ ಹಾಕಿದ್ರು. ಅದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು."

ತಾಯಿ ಒಳಗಿನಿಂದ ಒಂದು ನೋಟ್‌ಬುಕ್ ತಂದು ಮಾಮನ ತೊಡೆಯ ಮೇಲಿಟ್ಟರು. ಪುಟದ ತುಂಬ ಒಂದೇ ಉದ್ದನೆಯ ಗೆರೆ, ಅಲ್ಲಲ್ಲಿ ಮುರಿದು ತಿರುಗುವ ಗೆರೆ. ಮುಂದಿನ ಪುಟದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಮಾಮ ಬೆರಳಿಟ್ಟು ನೋಡಿದರು: ಔಷಧಿ ಅಂಗಡಿ, ಬೇಕರಿ, ಎರಡು ಕಂಬದ ಮೂಲೆ, ಶಾಲೆ. ದಿನಕ್ಕೊಂದು ಪುಟ. ಟ್ಯಾಂಕರ್ ನಿಂತ ದಿನದ ಪುಟದಲ್ಲಿ ಗೆರೆ ಒಂಬತ್ತನೇ ತಿರುವಿಗೆ ಬಂದು ನಿಂತಿತ್ತು. ಅಲ್ಲಿ ಪೆನ್ಸಿಲ್ಲಿನ ಮೊನೆ ಕಾಗದ ತೂತು ಮಾಡಿತ್ತು.

"ನಮಗೆ ದಾರಿ ಅಂದ್ರೆ ದಾರಿ, ಅಣ್ಣಾ. ಇವಳಿಗೆ ಅದು ಹಿಡಿಕೆ," ಎಂದರು ತಾಯಿ. "ಸದ್ದು, ಬೆಳಕು, ವಾಸನೆ, ಜನ, ಎಲ್ಲಾ ಒಟ್ಟಿಗೇ ಮೈಮೇಲೆ ಬರತ್ತೆ. ಒಂದಾದ್ರೂ ನಿನ್ನೆ ಇದ್ದ ಹಾಗೇ ಇರಲಿ ಅಂತ ಹಿಡ್ಕೊಂಡಿರ್ತಾಳೆ. ನೀವು ಅದನ್ನ ಕಿತ್ಕೊಂಡ್ರಿ. ಗೊತ್ತಿಲ್ಲದೆ ಕಿತ್ಕೊಂಡ್ರಿ, ಅದು ನನಗೆ ಗೊತ್ತು."

ಮಾಮನಿಗೆ ಹಳೆಯದೊಂದು ಘಟ್ಟದ ದಾರಿ ನೆನಪಾಯಿತು. ಹಾಲಿನಂಥ ಮಂಜು, ಮುಂದಿನ ಚಕ್ರವೂ ಕಾಣದು, ಒಂದು ಮಗ್ಗುಲಿಗೆ ಪ್ರಪಾತ. ಅಂದು ಹೆಗಲ ಮೇಲೆ ಕೈಯಿಟ್ಟ ಕ್ಲೀನರನ ಮೇಲೆ ಅವರೂ ಕಿರುಚಿದ್ದರು. ಯಾಕೆ ಕಿರುಚಿದೆ ಎಂದು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅಜ್ಜಿಯರ ಕಥೆಗಳಲ್ಲಿ ಪ್ರಾಣ ಮೈಯೊಳಗಿರುವುದಿಲ್ಲ. ಏಳು ಸಮುದ್ರದಾಚೆಯ ಮರದ ಪೊಟರೆಯ ಗಿಳಿಯಲ್ಲಿರುತ್ತದೆ. ಗಿಳಿಯ ರೆಕ್ಕೆ ಮುಟ್ಟಿದರೆ ಇಲ್ಲಿ ತೋಳು ನೋಯುತ್ತದೆ. ಈ ಹುಡುಗಿಯ ನೆಮ್ಮದಿ ಇಪ್ಪತ್ತಮೂರು ತಿರುವುಗಳಲ್ಲಿತ್ತು. ಮಾಮ ಅವತ್ತು ಗಿಳಿಯನ್ನು ಕಂಡರು.

*

ಹುಡುಗಿಯನ್ನು ಉಳಿಸಿಕೊಳ್ಳಲು ಮಾಮ ಒಬ್ಬರೇ ತಿದ್ದಿಕೊಂಡರೆ ಸಾಲದು, ವ್ಯಾನಿನ ಉಳಿದ ಹದಿಮೂರು ಜನರಿಗೂ ಗೊತ್ತಾಗಬೇಕು. ಆದರೆ ಭಾಷಣ ಅವರಿಗೆ ಬರುವುದಿಲ್ಲ. ಗೇಟಿನ ಮುಂದಿನ ಹತ್ತು ನಿಮಿಷ ಇತ್ತಲ್ಲ! ಮರುದಿನ ಹುಡುಗಿಯನ್ನು ಅವಳ ತರಗತಿಯ ಮೇಷ್ಟ್ರು ಗೇಟು ತೆರೆಯುವ ಮುಂಚೆಯೇ ಒಳಗೆ ಕರೆದುಕೊಂಡ ಮೇಲೆ ಮಾಮ ಬಿಸ್ಕತ್ತನ್ನು ನಡುವಿನ ಸೀಟಿನಲ್ಲಿ ಕೂರಿಸಿದರು.

"ಬಾರೋ ಗಣಿತದ ರಾಜ. ಒಂದೇ ಒಂದು ಲೆಕ್ಕ. ಹೇಳಿದ್ರೆ ನೀನು ಇವತ್ತು ಹಾರನ್ ಹೊಡೀಬಹುದು."

ಒಬ್ಬನಿಗೆ ಬಲಗಿವಿಯ ಹತ್ತಿರ ಪಾಠ ಓದಲು ಹೇಳಿದರು. ಒಬ್ಬಳಿಗೆ ಎಡಗಿವಿಯ ಹತ್ತಿರ ಹಾಡಲು. ಇನ್ನೊಬ್ಬನ ಕೈಗೆ ಟಾರ್ಚು ಕೊಟ್ಟು ಕಣ್ಣೆದುರು ಹೊತ್ತಿಸಿ ಆರಿಸಲು. ಧೂಳು ಹೊಡೆಯುವ ಪುಕ್ಕದ ಕುಂಚ ಒಬ್ಬಳ ಕೈಗೆ, ಕತ್ತಿನ ಹಿಂದೆ ಆಡಿಸಲು. ತಾವು ರೇಡಿಯೋ ಜೋರಾಗಿ ಹಾಕಿ ಕೇಳಿದರು: "ಹದಿನೇಳು, ಇಪ್ಪತ್ತೆಂಟು. ಕೂಡಿದ್ರೆ ಎಷ್ಟು?"

"ಮೂವತ್... ತಡೀರಿ. ಹದಿನೇಳು... ಏ ಕಚಗುಳಿ ಬೇಡ! ಇಪ್ಪತ್ತು... ಸುಮ್ನಿರ್ರೋ! ಎಲ್ರೂ ಸುಮ್ನಿರ್ರೋ!" ಬಿಸ್ಕತ್ತು ಕಿವಿ ಮುಚ್ಚಿಕೊಂಡು ಕಿರುಚಿದ.

ಮಾಮ ರೇಡಿಯೋ ಆರಿಸಿದರು. "ನೀನ್ಯಾಕಪ್ಪ ಕಿರುಚಿದೆ?"

"ಮತ್ತೆ? ಎಲ್ಲಾ ಒಟ್ಟಿಗೇ..." ಎಂದವನು ಅರ್ಧಕ್ಕೇ ನಿಲ್ಲಿಸಿದ.

ಎಲ್ಲದಕ್ಕೂ ವಾದ ಹೂಡುವ, ಆದ್ದರಿಂದ ಲಾಯರ್ ಎಂದೇ ಹೆಸರಾದ ಹನ್ನೊಂದು ವರ್ಷದ ಹುಡುಗಿ ಮೆಲ್ಲಗೆ ಕೇಳಿದಳು: "ಅವಳಿಗೆ ದಿನಾ ಹಿಂಗಾಗತ್ತಾ ಮಾಮ?"

"ನಮಗೆ ಆಟ. ಅವಳಿಗೆ ಬಾಗಿಲು ಧಡಾರ್ ಅಂದ್ರೆ ಸಾಕು, ಶುರು."

"ಔಷಧಿ ಕೊಟ್ರೆ ವಾಸಿಯಾಗಲ್ವಾ?"

ಈ ಪ್ರಶ್ನೆಯನ್ನು ಮಾಮ ಮೇಷ್ಟ್ರಿಗೆ ಒಪ್ಪಿಸಿದರು. ಮೇಷ್ಟ್ರು ಮರುದಿನ ವ್ಯಾನಿಗೇ ಬಂದು ಮೆಟ್ಟಿಲ ಮೇಲೆ ಕುಳಿತು ಹೇಳಿದರು: "ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಅಂತೀವಿ. ಅದು ಜ್ವರ ಅಲ್ಲ, ಅಂಟೋದೂ ಇಲ್ಲ, ಬಿಡೋದೂ ಇಲ್ಲ. ಹುಟ್ಟಿನಿಂದ ಬಂದಿರೋ ಒಂದು ಬಗೆ. ಒಬ್ಬೊಬ್ಬರಲ್ಲೂ ಒಂದೊಂದು ಥರ. ಕೆಲವರು ಮಾತೇ ಆಡಲ್ಲ, ಕೆಲವರು ನಿಲ್ಲಿಸೋದೇ ಇಲ್ಲ. ಕೆಲವರಿಗೆ ಮುಟ್ಟಿದ್ರೆ ಆಗಲ್ಲ, ಕೆಲವರಿಗೆ ಗಟ್ಟಿಯಾಗಿ ತಬ್ಬಿಕೊಂಡ್ರೇ ಸಮಾಧಾನ. ಯಾರಿಗೆ ಏನು ಅಂತ ಕೇಳಿ, ನೋಡಿ ತಿಳ್ಕೋಬೇಕು."

ಇನ್ನೊಂದು ದಿನದ ಆಟ ದಾರಿಯಲ್ಲೇ, ಕಣ್ಣು ಮುಚ್ಚುವುದು. ಎಲ್ಲರೂ ಕಣ್ಣು ಮುಚ್ಚಿ, ವ್ಯಾನು ಎಲ್ಲಿದೆ ಹೇಳಬೇಕು. ಮೂರು ತಿರುವಿನೊಳಗೆ ಹದಿಮೂರು ಜನರೂ ದಾರಿ ತಪ್ಪಿದ ಕುರಿಮರಿಗಳು. ಹುಡುಗಿ ಮಾತ್ರ ಕಣ್ಣು ಮುಚ್ಚಿಯೂ, "ಆರು. ಬಲ. ಏಳು. ಬಲ." ಅವತ್ತೇ ಅವಳು ಕಂಡಕ್ಟರ್ ಆದದ್ದು. ಹೆಸರಿಟ್ಟವನು ಬಿಸ್ಕತ್ತು.

"ಅವಳು ಲೆಕ್ಕದಲ್ಲಿ ಜೋರು, ಅದಕ್ಕೆ ನಮ್ಮ ಜೊತೆ ಇರಲಿ," ಎಂದನಂತೆ ಒಬ್ಬ. ಮಾಮ ಕನ್ನಡಿಯಲ್ಲಿ ಅವನನ್ನು ನೋಡಿದರು. "ನಿನಗೆ ಏನು ಬರತ್ತೆ ಅಂತ ನಾನು ಸೀಟು ಕೊಟ್ಟಿದ್ದೀನಪ್ಪಾ? ಅವಳಿಗೆ ಒಂದರ ಮುಂದೆ ಎರಡು ಬರದಿದ್ರೂ ಆ ಸೀಟು ಅವಳದ್ದೇ."

*

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ, ಅವಧಿ ಮುಗಿಯಲು ಹದಿನೆಂಟು ದಿನವಿರುವಾಗ, ಬೇಕರಿಯ ಮೂಲೆಯಲ್ಲಿ ಒಂದು ಫಲಕ ಎದ್ದು ನಿಂತಿತು. ನೀರಿನ ಕೊಳವೆ ಹಾಕುವುದರಿಂದ ಸೋಮವಾರದಿಂದ ರಸ್ತೆ ಬಂದ್. ಒಂಬತ್ತರಿಂದ ಹದಿಮೂರನೇ ತಿರುವಿನವರೆಗೆ, ಐದು ತಿರುವು ಮಾಯ.

ಅಂದು ಗುರುವಾರ. "ನನಗೆ ಕೈಕಾಲೇ ಆಡಲಿಲ್ಲ," ಎನ್ನುತ್ತಾರೆ ಮಾಮ. "ದೇಶದ ಅಡ್ಡದಾರಿ ಎಲ್ಲಾ ಗೊತ್ತಿದ್ದೋನು ಐದು ತಿರುವಿಗೆ ಹೆದರಿ ಕೂತೆ."

ಹೆದರದೆ ಕೂತವಳು ಲಾಯರ್. "ಅವಳಿಗೆ ಮುಂಚೆ ಹೇಳಬೇಕು ಅಷ್ಟೇ ತಾನೇ? ಹೇಳೋಣ." ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಿಗೆ ಕಾಣಬೇಕು ಎಂದರು, ಸಂಜೆ ಮಾಮ ಕೇಳಿದಾಗ, ಹುಡುಗಿಯ ತಾಯಿ. ಹೊಸ ದಾರಿಯಲ್ಲಿ ಏಳು ತಿರುವು. ಶುಕ್ರವಾರ ಮಕ್ಕಳು ಏಳು ರಟ್ಟಿನ ಚೀಟಿ ಮಾಡಿದರು. ಪ್ರತಿ ಚೀಟಿಯಲ್ಲಿ ಒಂದು ತಿರುವಿನ ಚಿತ್ರ: ಕೆಂಪು ಅಂಚೆಪೆಟ್ಟಿಗೆ, ಮುರಿದ ಬೆಂಚು, ಸೈಕಲ್ ರಿಪೇರಿ ಅಂಗಡಿ. ಬಿಸ್ಕತ್ತು ಬರೆದ ಸೈಕಲ್ಲು ಕನ್ನಡಕ ಹಾಕಿದ ಮೀನಿನ ಹಾಗಿತ್ತು ಎಂದು ಲಾಯರ್ ಈಗಲೂ ಛೇಡಿಸುತ್ತಾಳೆ. ಭಾನುವಾರ ಮಾಮ ಖಾಲಿ ವ್ಯಾನಿನಲ್ಲಿ ತಾಯಿ ಮಗಳನ್ನು ಕೂರಿಸಿಕೊಂಡು ಹೊಸ ದಾರಿಯಲ್ಲಿ ನಾಲ್ಕು ಸಲ ಸುತ್ತಿದರು. ಮೊದಲ ಸುತ್ತಿಗೆ ಅವಳು ಸೀಟಿನ ಕೆಳಗೆ ಕುಳಿತಿದ್ದಳು. ಎರಡನೆಯದಕ್ಕೆ ಸೀಟಿನ ಮೇಲೆ. ನಾಲ್ಕನೆಯದಕ್ಕೆ ಚೀಟಿಗಳನ್ನು ತಾನೇ ಕೈಯಲ್ಲಿ ಹಿಡಿದಿದ್ದಳು.

ಸೋಮವಾರ ಬಂತು. ಬೇಕರಿಯ ಮೂಲೆ. ವ್ಯಾನು ನೇರ ಹೋಯಿತು. ಹದಿಮೂರು ಮಕ್ಕಳೂ ಅವಳ ಕೈಯಲ್ಲಿದ್ದ ಚೀಟಿಗಳತ್ತ ನೋಡಿದರು. ಅಂಚೆಪೆಟ್ಟಿಗೆ ಬಂತು.

"ಒಂಬತ್ತು. ಬಲ," ಎಂದಳು ಕಂಡಕ್ಟರ್. "ಹತ್ತು. ಎಡ. ಹನ್ನೊಂದು. ಎಡ."

ಮಕ್ಕಳಿಗೆ ತಡೆಯಲಾಗಲಿಲ್ಲ. ಎಷ್ಟಾದರೂ ಮಕ್ಕಳು! ಮೂರು ದಿನದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರು. ಹದಿಮೂರು ಗಂಟಲೂ ಒಟ್ಟಿಗೇ "ಹೋ!" ಎಂದವು, ಇಪ್ಪತ್ತಾರು ಕೈಗಳು ಚಪ್ಪಾಳೆ ತಟ್ಟಿದವು.

ಹುಡುಗಿ ಕಿವಿ ಮುಚ್ಚಿಕೊಂಡಳು. ಚೀಟಿಗಳು ಕೆಳಗೆ ಚೆಲ್ಲಿದವು. ಕಿರುಚು ಶುರುವಾಯಿತು.

ಮಾಮ ವ್ಯಾನನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದರು. "ಗದರೋ ಮಾತು ಗಂಟಲವರೆಗೆ ಬಂತು. ಈ ಸಲ ಮಕ್ಕಳಿಗೆ. ನುಂಗ್ಕೊಂಡೆ." ಹಿಂತಿರುಗಿ ನೋಡಿದರೆ ಬಿಸ್ಕತ್ತು ಆಗಲೇ ತುಟಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದ್ದ. ಒಬ್ಬಳು ಕಿಟಕಿಯ ಪರದೆ ಎಳೆದಳು. ಯಾರೂ ಅವಳನ್ನು ಮುಟ್ಟಲಿಲ್ಲ, ಯಾರೂ ಅವಳನ್ನು ದಿಟ್ಟಿಸಲಿಲ್ಲ. ಲಾಯರ್ ಚೀಟಿಗಳನ್ನು ಆಯ್ದು, ಹನ್ನೆರಡನೆಯದನ್ನು ಎದುರಿನ ಸೀಟಿನ ಕೊಕ್ಕೆಗೆ, ಅವಳ ಕಣ್ಣಿಗೆ ಬೀಳುವ ಎತ್ತರಕ್ಕೆ ಸಿಕ್ಕಿಸಿ ಹಿಂದೆ ಸರಿದಳು. ಮಾಮನ ಗಡಿಯಾರದಲ್ಲಿ ಒಂಬತ್ತು ನಿಮಿಷ. ಹಿಂದಿನ ಮಾಮ ಆಗಿದ್ದರೆ ಒಂಬತ್ತು ನಿಮಿಷದಲ್ಲಿ ಊರೇ ದಾಟುತ್ತಿದ್ದರು.

ಕಿರುಚು ಅಳುವಾಯಿತು, ಅಳು ಗುನುಗಾಯಿತು, ಗುನುಗು ನಿಂತಿತು.

"ಹನ್ನೆರಡು," ಎಂದಿತು ಒಂದು ಸಣ್ಣ ದನಿ. "ಬಲ."

ಎಂಜಿನ್ ಹೊತ್ತಿತು. ಶಾಲೆಯ ಗೇಟಿನ ಮುಂದೆ ವ್ಯಾನು ನಿಂತಾಗ ಹುಡುಗಿ ಹೇಳಿದಳು: "ಇಪ್ಪತ್ತೈದು."

ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ. ಒಳಗಿನ ಸಂತೋಷವನ್ನು ಎಲ್ಲಿಡುವುದು? ಬಿಸ್ಕತ್ತು ಎರಡೂ ಕೈ ಮೇಲೆತ್ತಿ, ಅವಳು ಖುಷಿಯಾದಾಗ ಮಾಡುವಂತೆ, ಪಟಪಟನೆ ಅಲುಗಿಸಿದ. ಮೊದಲು ಇದೇ ಕೈಗಳಿಂದ ಅಣಕಿಸಿದವನು. ಈ ಸಲ ಅಣಕವಿರಲಿಲ್ಲ, ಅದು ವ್ಯಾನಿಗೆಲ್ಲ ಗೊತ್ತಾಯಿತು. ಒಬ್ಬೊಬ್ಬರಾಗಿ ಎಲ್ಲರ ಕೈಗಳೂ ಎದ್ದವು. ಸದ್ದೇ ಇಲ್ಲದ ಒಂದು ಮರ, ಗಾಳಿಗೆ ಸಿಕ್ಕಿದ ಹಾಗೆ. ಹುಡುಗಿ ಅವರ ಮುಖ ನೋಡಲಿಲ್ಲ, ಕೈಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕೈಗಳೂ ಎದ್ದವು.

ಗಂಟೆ ಎಂಟು ದಾಟಿತ್ತು, ಆಫೀಸಿನ ಮೇಡಂ ಗೇಟಿನಲ್ಲೇ ನಿಂತಿದ್ದರು. ಯಾಕೆ ತಡ? ಮತ್ತೆ ಗಲಾಟೆಯಾಯಿತೇ? ಮಾಮ ಬಾಯಿ ತೆರೆಯುವ ಮುಂಚೆ ಲಾಯರ್ ಮುಂದೆ ಬಂದಳು.

"ಗಲಾಟೆ ಮಾಡಿದ್ದು ನಾವು ಮೇಡಂ. ನಾವು ಕೂಗಿದ್ದಕ್ಕೆ ಅವಳು ಕೂಗಿದ್ದು. ಸೀಟು ತೆಗೆಯೋದಾದ್ರೆ ನಮ್ಮ ಹದಿಮೂರೂ ತೆಗೀರಿ."

ಮಾಮ ವ್ಯಾನಿನ ಹಿಂದೆ ಹೋಗಿ, ಸ್ವಚ್ಛವಾಗಿದ್ದ ಗಾಜನ್ನೇ ಮತ್ತೆ ಒರೆಸುತ್ತಾ ನಿಂತರು. "ಕಣ್ಣಿಗೇನೋ ಬಿದ್ದಿತ್ತು," ಎನ್ನುತ್ತಾರೆ.

ಸೀಟು ಉಳಿಯಿತು. ಮರುವಾರ ಬಿಸ್ಕತ್ತಿನ ತಾಯಿ ಸ್ಟಾಪಿಗೆ ಬಂದು, ಯಾರ ಮುಖವನ್ನೂ ನೋಡದೆ, "ಆ ಕಾಗದದಿಂದ ನನ್ನ ಸಹಿ ತೆಗೆಸಿದ್ದೀನಿ. ಮನೇಲಿ ಇವನು ನನಗೇ ಲೆಕ್ಕ ಕೊಟ್ಟು ಕಿವಿ ಹತ್ರ ಪಾತ್ರೆ ಬಡಿದ," ಎಂದು ಹೇಳಿ ಸರಸರನೆ ಹೊರಟುಹೋದರು.

*

ಈಗ ಆ ಹತ್ತು ನಿಮಿಷದ ಆಟ ವ್ಯಾನಿನಿಂದ ಇಳಿದು ಶಾಲೆಯೊಳಗೆ ಹೋಗಿದೆ. ಮೇಷ್ಟ್ರ ಒತ್ತಾಯಕ್ಕೆ ಒಂದೊಂದು ಶನಿವಾರ ಒಂದೊಂದು ತರಗತಿ. ಟಾರ್ಚು, ಪುಕ್ಕದ ಕುಂಚ, ರೇಡಿಯೋ, ಹದಿನೇಳು ಮತ್ತು ಇಪ್ಪತ್ತೆಂಟು. ನಡೆಸುವವರು ವ್ಯಾನಿನ ಮಕ್ಕಳೇ. ಮೊದಲು ಹುಡುಗಿಯ ತಾಯಿಯನ್ನು ಕೇಳಿದರು. ಅವಳ ಹೆಸರೆತ್ತದೆ ಇಂಥ ಎಲ್ಲ ಮಕ್ಕಳ ವಿಷಯವಾಗಿ ಹೇಳುವುದಾದರೆ ಸರಿ ಎಂದರು ತಾಯಿ. ಇದುವರೆಗೆ ಒಂಬತ್ತು ತರಗತಿ ಮುಗಿದಿದೆ. ಐದನೇ ತರಗತಿಯಲ್ಲಿ ಆಟ ಮುಗಿದ ಮೇಲೆ, ಎಂದೂ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತು, "ನನ್ನ ತಮ್ಮನೂ ಹೀಗೇ. ಮನೇಲಿದ್ದಾನೆ. ನಾನು ಯಾರಿಗೂ ಹೇಳಿರಲಿಲ್ಲ," ಎಂದನಂತೆ. ತರಗತಿ ಅವನಿಗೆ ಸದ್ದಿಲ್ಲದ ಚಪ್ಪಾಳೆ ತಟ್ಟಿತು. ಆ ತಮ್ಮ ಈ ವರ್ಷ ಒಂದನೇ ತರಗತಿಗೆ ಸೇರಿದ್ದಾನೆ.

ಒಳಗೆ ಬಂದು ನಾಲ್ಕು ಮಾತಾಡಿ ಎಂದು ಎಷ್ಟು ಕರೆದರೂ ಮಾಮ ಒಪ್ಪುವುದಿಲ್ಲ. "ನಾನು ಏಳನೇ ಕ್ಲಾಸು ಫೇಲು. ಬೋರ್ಡ್ ಮುಂದೆ ನಿಂತು ಏನ್ ಹೇಳ್ಲಿ?" ಬಾಗಿಲ ಆಚೆ ನಿಂತು ಕೇಳುತ್ತಾರೆ. ಹೋದ ತಿಂಗಳು ಶಾಲೆಯ ಸಭಾಂಗಣದಲ್ಲಿ ಆಟಿಸಂ ಅರಿವಿನ ದಿನ ನಡೆಯಿತು. ಮೈಕು ಸಣ್ಣಗೆ, ಬ್ಯಾಂಡು ಇಲ್ಲ, ಬಲೂನು ಇಲ್ಲ, ಗದ್ದಲ ಬೇಡವೆನಿಸಿದವರಿಗೆ ಪಕ್ಕದ ಕೋಣೆಯಲ್ಲಿ ಚಾಪೆ. ಮಕ್ಕಳೇ ಹಟ ಹಿಡಿದು ಮಾಡಿಸಿದ ಏರ್ಪಾಡು. ವಂದನಾರ್ಪಣೆಯಲ್ಲಿ ಕುರ್ಚಿ ಕೊಟ್ಟವರಿಂದ ಹಿಡಿದು ನೀರು ಕೊಟ್ಟವರವರೆಗೆ ಎಲ್ಲರ ನೆನಪಾಯಿತು. ಮಾಮನದಾಗಲಿಲ್ಲ. ಅವರು ಆಗ ಹೊರಗೆ ಟೈರಿಗೆ ಗಾಳಿ ನೋಡುತ್ತಿದ್ದರು.

ಬೇಜಾರಾಗಲಿಲ್ಲವೇ?

"ಯಾಕಾಗ್ಬೇಕು? ಕಿಟಕೀಲಿ ಇಣುಕಿದೆ. ಮುನ್ನೂರು ಮಕ್ಕಳು, ಆರುನೂರು ಕೈ. ಒಂದು ಸದ್ದಿಲ್ಲ. ಅಂಥದ್ದನ್ನ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ. ನೋಡಿದ್ನಲ್ಲ, ಸಾಕು."

ಕೊಳವೆ ಹಾಕಿ ಮುಗಿದು ಬೇಕರಿಯ ರಸ್ತೆ ಎಂದೋ ತೆರೆದಿದೆ. ಹಳೆಯ ದಾರಿಗೆ ಮರಳುವಾಗಲೂ ಮತ್ತೆ ಚೀಟಿ, ಮತ್ತೆ ಭಾನುವಾರದ ಸುತ್ತು. ಹುಡುಗಿಯ ನೋಟ್‌ಬುಕ್ಕಿನಲ್ಲಿ ಈಗ ಎರಡು ದಾರಿಗಳಿವೆ, ಒಂದರ ಪಕ್ಕ ಒಂದು. ಮಾಮ ತಂದುಕೊಟ್ಟ ಬಣ್ಣದ ಪೆನ್ಸಿಲ್ಲಿನಲ್ಲಿ ಹಳೆಯದು ನೀಲಿ, ಹೊಸದು ಹಸಿರು.

ಏಳು ಐವತ್ತು. ವ್ಯಾನು ಗೇಟಿನ ಮುಂದೆ ನಿಲ್ಲುತ್ತದೆ.

"ಇಪ್ಪತ್ತಮೂರು," ಎನ್ನುತ್ತಾಳೆ ಕಂಡಕ್ಟರ್.

ಹಿಂದೆ ಹದಿಮೂರು ಜೊತೆ ಕೈಗಳು ಎಲೆಗಳಂತೆ ಅಲುಗುತ್ತವೆ. ಹಲ್ಲು ಉದುರಿದ ಪುಟ್ಟ ಹುಡುಗಿಯ ಕೈಗಳು ಎಲ್ಲರಿಗಿಂತ ಜೋರಾಗಿ. ಸ್ಟೇರಿಂಗ್ ಹಿಡಿದೇ ಇರುವ ಮಾಮನ ಎರಡು ಬೆರಳು, ಯಾರಿಗೂ ಕಾಣದ ಹಾಗೆ, ಸ್ವಲ್ಪ ಮೇಲೆದ್ದು ಅಲುಗುತ್ತವೆ.

"ಒಂದಾಸೆ ಇದೆ," ಎನ್ನುತ್ತಾರೆ ಮಕ್ಕಳೆಲ್ಲ ಇಳಿದ ಮೇಲೆ, ಬಾಗಿಲನ್ನು ಸದ್ದಿಲ್ಲದೆ ಎಳೆಯುತ್ತಾ. "ಯಾವತ್ತಾದ್ರೂ ಒಂದು ದಿನ ಅವಳೇ ಹೇಳ್ಬೇಕು, ಮಾಮ, ಇವತ್ತು ಹಸಿರು ದಾರೀಲಿ ಹೋಗೋಣ ಅಂತ. ಹೇಳದಿದ್ರೂ ಬೇಜಾರಿಲ್ಲ ಬಿಡಿ. ಮೊದಲು ಅಡ್ಡದಾರಿ ಹುಡುಕ್ತಾ ಹುಡುಕ್ತಾ ನಾನು ಒಂದು ಬೀದೀನೂ ಸರಿಯಾಗಿ ನೋಡಿರಲಿಲ್ಲ. ಈಗ ಈ ದಾರೀಲಿ ಎಷ್ಟು ಕಂಬ ಇವೆ ಅಂತ ನನಗೂ ಗೊತ್ತು."